ಕೊಯ್ಲಿನ ವಾರಕ್ಕೆ ಬಂದ ಮೋಡ

2024ರ ನವೆಂಬರ್ 25, ಕಾರ್ತಿಕ ಮಾಸದ ಕಡೇ ಸೋಮವಾರ. ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆಗೆ ಜನ ಸೇರುತ್ತಿದ್ದ ಆ ಹೊತ್ತಿಗೆ ಬಂಗಾಳ ಕೊಲ್ಲಿಯ ಆಗ್ನೇಯ ಮೂಲೆಯಲ್ಲಿ ಒಂದು ವಾಯುಭಾರ ಕುಸಿತ ರೂಪುಗೊಂಡಿತು. ಅದು ಶ್ರೀಲಂಕಾದ ಅಂಚು ಹಿಡಿದು ನಿಧಾನವಾಗಿ ಮೇಲೇರಿತು. ದಾರಿಯಲ್ಲಿ ಆ ದ್ವೀಪದಲ್ಲಿ ಹತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡು, 29ರ ಮಧ್ಯಾಹ್ನ ಚಂಡಮಾರುತವಾಯಿತು. ಸೌದಿ ಅರೇಬಿಯಾ ಕೊಟ್ಟಿದ್ದ ಪಟ್ಟಿಯಿಂದ ಅದಕ್ಕೆ ‘ಫೆಂಗಲ್’ ಎಂಬ ಹೆಸರು ಬಂತು. 30ರ ರಾತ್ರಿ ಪುದುಚೇರಿಯ ಹತ್ತಿರ ದಡ ದಾಟಿತು. ಡಿಸೆಂಬರ್ 3ರ ಹೊತ್ತಿಗೆ ಅದರ ಅವಶೇಷ ಘಟ್ಟ ಇಳಿದು ಅರಬ್ಬೀ ಸಮುದ್ರ ಸೇರಿತ್ತು.

ಗಾಳಿಯ ಲೆಕ್ಕದಲ್ಲಿ ಫೆಂಗಲ್ ದೊಡ್ಡ ಚಂಡಮಾರುತವೇ ಅಲ್ಲ. ದಡ ದಾಟುವಾಗ ಗಾಳಿ ಗಂಟೆಗೆ 70–80 ಕಿ.ಮೀ. ಇತ್ತು. ಚಂಡಮಾರುತಗಳ ಮೆಟ್ಟಿಲಿನಲ್ಲಿ ಅದು ಮೊದಲನೆಯ ಮೆಟ್ಟಿಲು. ಆದರೆ ಡಿಸೆಂಬರ್ 1ರ ಬೆಳಿಗ್ಗೆ ಎಂಟೂವರೆಗೆ ಪುದುಚೇರಿಯ ಮಳೆಮಾಪಕ ನೋಡಿದಾಗ ಹಿಂದಿನ 24 ಗಂಟೆಯ ಮಳೆ 48 ಸೆಂ.ಮೀ. ದಾಟಿತ್ತು. ಅದಕ್ಕೂ ಮೊದಲು ಆ ಊರಿನ ದಾಖಲೆ 2004ರ ಅಕ್ಟೋಬರಿನ 21 ಸೆಂ.ಮೀ. ಮರುದಿನ ಬೆಳಿಗ್ಗೆ ನಮ್ಮ ಗಡಿಗೆ ಅಂಟಿಕೊಂಡಿರುವ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈಯಲ್ಲಿ 50 ಸೆಂ.ಮೀ. ದಾಖಲಾಯಿತು. ಅಲ್ಲಿ ಕೆರೆ ತುಂಬಿ ನುಗ್ಗಿದ ನೀರಿಗೆ, ರಸ್ತೆ ಬದಿ ನಿಲ್ಲಿಸಿದ್ದ ವ್ಯಾನು–ಬಸ್ಸುಗಳು ಒಂದರ ಹಿಂದೊಂದು ಕೊಚ್ಚಿಹೋದವು. ತಿರುವಣ್ಣಾಮಲೈಯಲ್ಲಿ ಬೆಟ್ಟ ಕುಸಿದು ಒಂದೇ ಮನೆಯಲ್ಲಿದ್ದ ಏಳು ಜನ ಸತ್ತರು. ಅವರಲ್ಲಿ ಐವರು ಮಕ್ಕಳು.

ಇಷ್ಟು ಸಾಧಾರಣ ಗಾಳಿಯ ಚಂಡಮಾರುತ ಇಷ್ಟು ನೀರು ಸುರಿಸಲು ಕಾರಣ ಅದರ ನಿಧಾನ. ಚಂಡಮಾರುತ ತನ್ನಷ್ಟಕ್ಕೆ ತಾನು ಎಲ್ಲಿಗೂ ಹೋಗುವುದಿಲ್ಲ. ಹೊಳೆಯಲ್ಲಿ ತಿರುಗುತ್ತಾ ತೇಲುವ ಎಲೆಯ ಹಾಗೆ, ಸುತ್ತಲಿನ ಗಾಳಿಯ ಹರಿವು ಒಯ್ದತ್ತ ಹೋಗುತ್ತದೆ. ಫೆಂಗಲ್‌ನ ಎರಡೂ ಬದಿಗೆ ಅಧಿಕ ಒತ್ತಡದ ವಲಯಗಳಿದ್ದವು. ಒಂದು ಪಡುವಣಕ್ಕೆ ತಳ್ಳುತ್ತಿತ್ತು, ಇನ್ನೊಂದು ತಡೆಯುತ್ತಿತ್ತು. ನಡುವೆ ಸಿಕ್ಕ ಚಂಡಮಾರುತ ಪುದುಚೇರಿಯ ನೆತ್ತಿಯ ಮೇಲೆ ಗಂಟೆಗಟ್ಟಲೆ ಕದಲದೆ ನಿಂತಿತು. ಸಮುದ್ರ ಇನ್ನೂ ಪಕ್ಕದಲ್ಲೇ ಇದ್ದುದರಿಂದ ತೇವ ಪೂರೈಕೆಯಾಗುತ್ತಲೇ ಇತ್ತು.

ಮುನ್ಸೂಚಕರಿಗೂ ಆ ವಾರ ಸುಲಭದ್ದಾಗಿರಲಿಲ್ಲ. 28ರಂದು ಭಾರತೀಯ ಹವಾಮಾನ ಇಲಾಖೆಯ ಅಂದಾಜಿನ ಪ್ರಕಾರ, ದಡ ಮುಟ್ಟುವ ಹೊತ್ತಿಗೆ ಅದು ತೀವ್ರ ವಾಯುಭಾರ ಕುಸಿತವಾಗಿ ಇಳಿದಿರಬೇಕಿತ್ತು. ಮರುದಿನ ಅದು ಬಲಗೊಂಡು ಚಂಡಮಾರುತವಾಯಿತು. 30ರ ಮಧ್ಯಾಹ್ನ ದಡ ದಾಟುವ ನಿರೀಕ್ಷೆಯಿತ್ತು, ದಾಟಿದ್ದು ರಾತ್ರಿ ಹತ್ತೂವರೆಯ ಮೇಲೆ. ಚೆನ್ನೈ ವಿಮಾನ ನಿಲ್ದಾಣ ಅಂದು ಮಧ್ಯಾಹ್ನ ಮುಚ್ಚಿ ಮರುದಿನದ ನಸುಕಿಗೆ ತೆರೆಯಿತು. ದಿಕ್ಕು ಸರಿಯಾಗಿತ್ತು, ಊರು ಸರಿಯಾಗಿತ್ತು. ಕೈಕೊಟ್ಟದ್ದು ವೇಗದ ಅಂದಾಜು. ಚಳಿಗಾಲದ ಕೊಲ್ಲಿಯಲ್ಲಿ ಹುಟ್ಟುವ ಚಂಡಮಾರುತಗಳ ವಿಷಯದಲ್ಲಿ ಇದು ಮತ್ತೆ ಮತ್ತೆ ಎದುರಾಗುವ ತೊಡಕು. ಕೆಳಗೆ ಸಮುದ್ರ ಬೆಚ್ಚಗಿರುತ್ತದೆ, ಮೇಲಿನಿಂದ ವಾಯವ್ಯ ಭಾರತದ ಒಣ ತಂಪುಗಾಳಿ ನುಗ್ಗುತ್ತಿರುತ್ತದೆ. ಯಾವುದು ಯಾವಾಗ ಮೇಲುಗೈ ಸಾಧಿಸುತ್ತದೆ ಎಂಬುದರ ಮೇಲೆ ಚಂಡಮಾರುತದ ಆಯಸ್ಸು ನಿಂತಿರುತ್ತದೆ.

ಮುಂಗಾರು ಅಕ್ಟೋಬರ್ ನಡುವಿನಲ್ಲಿ ಹಿಂದೆ ಸರಿದರೂ ಬಂಗಾಳ ಕೊಲ್ಲಿ ಥಟ್ಟನೆ ತಣಿಯುವುದಿಲ್ಲ. ಚಂಡಮಾರುತಕ್ಕೆ ಬೇಕಾದ 26–27 ಡಿಗ್ರಿಯ ಬಿಸಿ ಅದರ ದಕ್ಷಿಣ ಭಾಗದಲ್ಲಿ ಡಿಸೆಂಬರಿನಲ್ಲೂ ಉಳಿದಿರುತ್ತದೆ. ಈಶಾನ್ಯದಿಂದ ಬೀಸುವ ಗಾಳಿ ಆ ನೀರಿನ ಮೇಲೆ ಹಾದು, ತೇವ ಹೊತ್ತು ತಮಿಳುನಾಡಿನ ಕರಾವಳಿಗೆ ಬರುತ್ತದೆ. ಹಿಂಗಾರು ಎಂದರೆ ಇದೇ. ತಮಿಳುನಾಡಿಗೆ ವರ್ಷದ ಮಳೆಯ ಸುಮಾರು ಅರ್ಧ ಭಾಗ ಅಕ್ಟೋಬರಿನಿಂದ ಡಿಸೆಂಬರಿನ ನಡುವೆ ಸಿಗುತ್ತದೆ. ಕರ್ನಾಟಕಕ್ಕೆ ಸಿಗುವುದು ಆರನೇ ಒಂದರಷ್ಟು. ಅದೂ ಎಲ್ಲರಿಗೂ ಸಮನಾಗಿ ಅಲ್ಲ. ಪೂರ್ವದ ಮೋಡಗಳಿಗೆ ಮೊದಲು ಎದುರಾಗುವುದು ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಸುತ್ತಿನ ಬಯಲು. ಆಮೇಲೆ ರಾಮನಗರ, ಮಂಡ್ಯ, ಮೈಸೂರು, ಚಾಮರಾಜನಗರ. ಬಲ ಉಳಿದಿದ್ದರೆ ಕೊಡಗು, ಹಾಸನ, ಚಿಕ್ಕಮಗಳೂರು. ಘಟ್ಟ ಇಳಿಯುವಾಗ ಅರಬ್ಬೀ ಸಮುದ್ರದ ತೇವ ಜೊತೆಯಾದರೆ ಮೋಡ ಮತ್ತೆ ಚೇತರಿಸಿಕೊಳ್ಳುತ್ತದೆ. 2024ರ ಡಿಸೆಂಬರ್ 3ರಂದು ದಕ್ಷಿಣ ಕನ್ನಡ, ಉಡುಪಿಯಲ್ಲಿ ಗುಡುಗು–ಸಿಡಿಲಿನೊಡನೆ ಮಳೆ ಸುರಿದು ಶಾಲೆಗಳಿಗೆ ರಜೆ ಕೊಡಬೇಕಾಗಿ ಬಂದದ್ದು ಹಾಗೆಯೇ.

ನೀರಿನ ದಾರಿಯಂತೂ ಗಡಿ ನೋಡುವುದಿಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಕೃಷ್ಣಗಿರಿ, ತಿರುವಣ್ಣಾಮಲೈ ದಾಟಿ ಕಡಲೂರಿನಲ್ಲಿ ಸಮುದ್ರ ಸೇರುತ್ತದೆ. ಫೆಂಗಲ್ ಸುರಿಸಿದ ನೀರು ಈ ನದಿಯ ಸಾತನೂರು ಅಣೆಕಟ್ಟೆಗೆ ಒಮ್ಮೆಗೇ ಬಂದು, ಡಿಸೆಂಬರ್ 2ರ ನಸುಕಿನಲ್ಲಿ 1.6 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹೊರಬಿಡಬೇಕಾಯಿತು. ಕೆಳಗಿನ ವಿಲ್ಲುಪುರಂ, ಕಡಲೂರು ಜಿಲ್ಲೆಗಳ ಊರುಗಳು ಮುಳುಗಿದವು. ದಡದಲ್ಲಿ ಗಾಳಿ ನಿಂತು ಒಂದು ದಿನವಾದ ಮೇಲೆ ಬಂದ ನೆರೆ ಅದು.

ಕರ್ನಾಟಕಕ್ಕೆ ಬಂದದ್ದು ಈ ಎಲ್ಲದರ ಬಾಲದ ಮಳೆ. ಜಿಟಿಜಿಟಿ, ನಡುನಡುವೆ ಜೋರು, ಮತ್ತೆ ಜಿಟಿಜಿಟಿ. ಇಂಥ ದಿನಗಳಲ್ಲಿ ಬೆಂಗಳೂರಿನಲ್ಲಿ 26–27 ಡಿಗ್ರಿ ಇರಬೇಕಾದ ಹಗಲಿನ ತಾಪಮಾನ ಇಪ್ಪತ್ತರ ಆಸುಪಾಸಿಗೆ ಇಳಿಯುತ್ತದೆ. ಮೋಡದ ಹೊದಿಕೆ ಬಿಸಿಲನ್ನು ಒಳಗೆ ಬಿಡುವುದಿಲ್ಲ, ರಾತ್ರಿ ನೆಲದ ಬಿಸಿಯನ್ನು ಹೊರಗೂ ಬಿಡುವುದಿಲ್ಲ. ಹಗಲು–ರಾತ್ರಿಯ ಅಂತರ ನಾಲ್ಕೈದು ಡಿಗ್ರಿಗೆ ಕುಗ್ಗಿ, ದಿನವಿಡೀ ಒಂದೇ ಥಂಡಿ. ನಗರದವರಿಗೆ ಇದು ಸ್ವೆಟರು, ಕೊಡೆ, ಟ್ರಾಫಿಕ್ಕಿನ ತಾಪತ್ರಯ. ನಗರದಿಂದ ಐವತ್ತು ಕಿ.ಮೀ. ಆಚೆ ಹೋದರೆ ಮಾತೇ ಬೇರೆ. ಆ ವಾರ ಅಲ್ಲಿ ರಾಗಿ ಕೊಯ್ಲು ನಡೆದಿರುತ್ತದೆ.

ಚಳಿಗಾಲದ ಹವಾಮಾನ ಮುನ್ಸೂಚನೆಯನ್ನು ನಾವು ಓದುವ, ಕೊಡುವ, ಕೇಳುವ ರೀತಿಯೇ ಸ್ವಲ್ಪ ತಪ್ಪಿದೆ ಎನಿಸುವುದು ಇಲ್ಲಿ. ಹವಾಮಾನ ಇಲಾಖೆಯ ಅಳತೆಯಲ್ಲಿ 24 ಗಂಟೆಗೆ 2.5ರಿಂದ 15.5 ಮಿ.ಮೀ. ಬಿದ್ದರೆ ಅದು ಹಗುರ ಮಳೆ. 15.6ರಿಂದ 64.4ರವರೆಗೆ ಸಾಧಾರಣ. 64.5 ಮಿ.ಮೀ. ಆದರೆ ಭಾರಿ, 115.6 ಆದರೆ ಅತಿ ಭಾರಿ, 204.4 ಮೀರಿದರೆ ಅತ್ಯಂತ ಭಾರಿ. ಯೆಲ್ಲೋ, ಆರೆಂಜ್, ರೆಡ್ ಅಲರ್ಟ್‌ಗಳು ಮಳೆಯ ಮಟ್ಟಿಗೆ ಬಹುಪಾಲು ಭಾರಿ ಮಳೆಯ ಈ ಗೆರೆಗಳನ್ನು ಆಧರಿಸಿದವು. ಜುಲೈಯಲ್ಲಿ ಈ ಗೆರೆಗಳು ಸರಿ. ಆಗ ಆಗುಂಬೆಗೆ ಹತ್ತು ಮಿ.ಮೀ. ಏನೂ ಅಲ್ಲ, ಕೋಲಾರದ ರೈತನಿಗೆ ಅದು ಸಾಲದು. ಡಿಸೆಂಬರಿನಲ್ಲಿ ಅದೇ ಹತ್ತು ಮಿ.ಮೀ. ಮೂರು ದಿನ ಬಿದ್ದರೆ ಯಾವ ಬಣ್ಣವೂ ಬರಬೇಕಿಲ್ಲ, ಪತ್ರಿಕೆಯಲ್ಲಿ ‘ಹಗುರ ಮಳೆ ಸಾಧ್ಯತೆ’ ಎಂಬ ಒಂದು ಸಾಲು ಬಂದರೂ ಹೆಚ್ಚು. ಆ ಮಳೆಗೆ ವರ್ಷದ ಬೆಳೆ ಹೋಗುತ್ತದೆ.

ಹೇಗೆ ಹೋಗುತ್ತದೆ ಎನ್ನುವುದನ್ನು ಹೊಲದಲ್ಲಿ ನಿಂತೇ ನೋಡಬೇಕು. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ಕರ್ನಾಟಕದಲ್ಲಿ. ಮಳೆಯಾಶ್ರಿತ ರಾಗಿ ಜುಲೈ–ಆಗಸ್ಟಿನಲ್ಲಿ ಬಿತ್ತನೆಯಾಗಿ ನವೆಂಬರ್–ಡಿಸೆಂಬರಿನಲ್ಲಿ ಕುಡುಗೋಲಿಗೆ ಬರುತ್ತದೆ. ಕೊಯ್ದ ಪೈರನ್ನು ಅರಿ ಅರಿಯಾಗಿ ಹೊಲದಲ್ಲೇ ಹರಡಿ ಕೆಲವು ದಿನ ಒಣಗಿಸುತ್ತಾರೆ. ಆಮೇಲೆ ಕಟ್ಟು ಕಟ್ಟಿ ಮೆದೆ ಒಟ್ಟುತ್ತಾರೆ, ಬಿಡುವಾದಾಗ ಕಣ ಮಾಡಿ ಒಕ್ಕುತ್ತಾರೆ. ಮಳೆಗೆ ಮೈ ಒಡ್ಡಿಕೊಳ್ಳುವುದು ಅರಿ ಬಿದ್ದಿರುವ ಆ ಕೆಲವೇ ದಿನ. ಮೊದಲ ದಿನ ನೆನೆದ ತೆನೆ ಮರುದಿನ ಬಿಸಿಲು ಕಂಡರೆ ಉಳಿದುಕೊಳ್ಳುತ್ತದೆ. ಎರಡನೇ ದಿನವೂ ಮೋಡವಿದ್ದರೆ ನೆಲಕ್ಕೆ ತಾಗಿದ ಬದಿ ಕಪ್ಪಾಗಲು ತೊಡಗುತ್ತದೆ. ಮುಂದಿನ ಒಂದೆರಡು ದಿನಗಳಲ್ಲಿ ಅರಿಯನ್ನು ಮಗುಚಿದರೆ ತೆನೆಯ ಬೆರಳುಗಳ ಸಂದಿಯಲ್ಲಿ ಬಿಳಿಯ ಸಣ್ಣ ಮೊಳಕೆಗಳು ಕಾಣುತ್ತವೆ. ಆ ರಾಗಿಯನ್ನು ಖರೀದಿ ಕೇಂದ್ರದವರು ತೆಗೆದುಕೊಳ್ಳುವುದಿಲ್ಲ, ಹಿಟ್ಟು ಮಾಡಿಸಿದರೆ ಮುದ್ದೆ ಹದಕ್ಕೆ ಬರುವುದಿಲ್ಲ. ಹುಲ್ಲೂ ಕಪ್ಪಾಗಿ ಮುಗ್ಗಲು ಹಿಡಿಯುತ್ತದೆ, ಹಸು ಮೂಸಿ ಬಿಟ್ಟುಬಿಡುತ್ತದೆ. ಬೇಸಿಗೆಗೆ ಮೇವಿಲ್ಲದ ಮನೆಯಲ್ಲಿ ಹಾಲಿನ ಲೆಕ್ಕವೂ ತಪ್ಪುತ್ತದೆ. ಒಂದು ಮಿ.ಮೀ. ಮಳೆ ಎಂದರೆ ಎಕರೆಗೆ ಸುಮಾರು ನಾಲ್ಕು ಸಾವಿರ ಲೀಟರ್ ನೀರು. ‘ಹಗುರ’ವಾದ ಹದಿನೈದು ಮಿ.ಮೀ. ಎಂದರೆ ಬಿದ್ದ ಅರಿಗಳ ಮೇಲೆ ಅರವತ್ತು ಸಾವಿರ ಲೀಟರ್.

ಎರಡು ದಿನ ಮೊದಲು ಖಚಿತವಾಗಿ ತಿಳಿದರೆ ಇದರಲ್ಲಿ ಬಹಳಷ್ಟು ತಪ್ಪುತ್ತದೆ. ರಾಗಿ ಕೊಯ್ಯದೆ ನಿಂತಿದ್ದರೆ ಮಳೆಯನ್ನು ಸ್ವಲ್ಪ ತಡೆದುಕೊಳ್ಳುತ್ತದೆ. ಹಾಗಾಗಿ ಕೊಯ್ಲು ಮುಂದೂಡುವುದೇ ಒಂದು ರಕ್ಷಣೆ. ಕೊಯ್ದಾಗಿದ್ದರೆ ಅರೆ ಒಣಗಿದ್ದರೂ ಎತ್ತಿ ಗುಡ್ಡೆ ಹಾಕಿ ಟಾರ್ಪಾಲು ಹೊದಿಸಬಹುದು. ಆದರೆ ಕೂಲಿಯಾಳು, ಕಟಾವು ಯಂತ್ರ ಎರಡಕ್ಕೂ ಕಾಯುವ ಸರದಿ ಇರುವ ವಾರ ಅದು. ಯಂತ್ರದ ಸರದಿ ಸೋಮವಾರಕ್ಕೆ ಬಂದಿದ್ದರೆ, ಮಳೆ ಮಂಗಳವಾರ ಎಂದರೂ ರೈತ ಸೋಮವಾರವೇ ಕೊಯ್ಯಿಸುತ್ತಾನೆ. ಬಿಟ್ಟರೆ ಮತ್ತೆ ಸರದಿ ಬರುವುದು ಹದಿನೈದು ದಿನಕ್ಕೆ. ಮುನ್ಸೂಚನೆ ಸರಿಯಿದ್ದೂ ನಷ್ಟ ತಪ್ಪದ ಈ ಸಂದರ್ಭಗಳನ್ನು ರೈತನ ಅಸಡ್ಡೆ ಎಂದು ತಳ್ಳಿಹಾಕುವುದು ಅನ್ಯಾಯ.

ಘಟ್ಟದ ಮೇಲೆ ಇದೇ ವಾರ ಕಾಫಿ. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಭಾಗ ಚಿಕ್ಕಮಗಳೂರು, ಕೊಡಗು, ಹಾಸನಗಳದ್ದು. ಅರೇಬಿಕಾ ಹಣ್ಣಾಗುವುದು ನವೆಂಬರಿನಿಂದ. ಬಿಡಿಸಿದ ಹಣ್ಣನ್ನು ಪಲ್ಪ್ ಮಾಡಿ ತೊಳೆದ ಪಾರ್ಚ್‌ಮೆಂಟನ್ನು ಕಣದಲ್ಲಿ ತೆಳ್ಳಗೆ ಹರಡಿ, ಗಂಟೆಗೊಮ್ಮೆ ಕೈಯಾಡಿಸುತ್ತಾ, ತೇವ ಹತ್ತು–ಹನ್ನೊಂದು ಶೇಕಡಕ್ಕೆ ಇಳಿಯುವವರೆಗೆ ಒಣಗಿಸಬೇಕು. ಬಿಸಿಲಿದ್ದರೆ ವಾರ, ಹತ್ತು ದಿನದ ಕೆಲಸ. ಮಳೆ ಬಂದರೆ ರಾಶಿ ಮಾಡಿ ಟಾರ್ಪಾಲು ಎಳೆಯುತ್ತಾರೆ. ಹೊದ್ದ ರಾಶಿಯ ಒಳಗೆ ಕೈ ಹಾಕಿದರೆ ಬೆಚ್ಚಗಿರುತ್ತದೆ, ಹುಳಿ ವಾಸನೆ ಬರುತ್ತದೆ. ಆ ಬಿಸಿಯಲ್ಲೇ ಬೂಷ್ಟು ಏಳುವುದು. ಹಾಗಾಗಿ ಹತ್ತು ನಿಮಿಷ ಮಳೆ ಬಿಟ್ಟರೂ ಟಾರ್ಪಾಲು ತೆಗೆದು ಗಾಳಿ ಆಡಿಸಬೇಕು, ಹನಿ ಬಿದ್ದರೆ ಮತ್ತೆ ಎಳೆಯಬೇಕು. ಗಿಡದಲ್ಲೇ ಉಳಿದ ಹಣ್ಣು ಮಳೆಗೆ ಬಿರಿದು ನೆಲಕ್ಕುದುರುತ್ತದೆ. ರೊಬಸ್ಟಾ ತೋಟದಲ್ಲಿ ಇನ್ನೊಂದು ಪೇಚು. ಫೆಬ್ರುವರಿ–ಮಾರ್ಚಿನ ಹೂಮಳೆಗೆ ಕಾಯುತ್ತಿರಬೇಕಾದ ಮೊಗ್ಗುಗಳು ಅಕಾಲದ ಮಳೆಗೆ ಮೋಸಹೋಗಿ ಅರಳಿಬಿಡುತ್ತವೆ. ಒಂದೇ ರೆಂಬೆಯಲ್ಲಿ ಈ ವರ್ಷದ ಹಣ್ಣು, ಮುಂದಿನ ವರ್ಷದ ಹೂ. ಹಣ್ಣು ಕೊಯ್ಯಲು ಹೋದರೆ ಹೂ ಉದುರುತ್ತದೆ.

ಕರಾವಳಿಯ ಅಂಗಳಗಳಲ್ಲಿ ಒಣಗುವ ಚಾಲಿ ಅಡಿಕೆ, ವಿಜಯಪುರದ ದ್ರಾಕ್ಷಿಗೆ ತಗಲುವ ಬೂಜು ರೋಗ, ಕಲಬುರಗಿಯಲ್ಲಿ ಮೋಡ ಕವಿದರೆ ಹೂ ಉದುರಿ ಕಾಯಿಕೊರಕ ಹೆಚ್ಚುವ ತೊಗರಿ — ಪಟ್ಟಿ ಬೆಳೆಯುತ್ತದೆ. ಎಲ್ಲರಿಗೂ ಕೇಡೇ ಎಂದೂ ಅಲ್ಲ. ಎರೆನೆಲದಲ್ಲಿ ಬಿಳಿಜೋಳ, ಕಡಲೆ ಬಿತ್ತಿದವರಿಗೆ ನವೆಂಬರಿನ ಒಂದು ಹದ ಮಳೆ ಬೆಳೆಯನ್ನು ದಡ ಮುಟ್ಟಿಸುತ್ತದೆ. ತಳ ಕಂಡ ಕೆರೆಗಳಿಗೂ ಅದು ಬೇಕು.

ಹೆಸರಿಟ್ಟ ಚಂಡಮಾರುತಕ್ಕೆ ಟಿವಿ, ಪತ್ರಿಕೆಗಳ ಗಮನ ತಾನಾಗಿ ಹೋಗುತ್ತದೆ. ಕರ್ನಾಟಕ ಇತ್ತೀಚೆಗೆ ಕಂಡ ಅತಿ ಕೆಟ್ಟ ಹಿಂಗಾರಿಗೆ ಹೆಸರೇ ಇರಲಿಲ್ಲ. 2021ರ ನವೆಂಬರ್ 11ರಂದು ಒಂದು ವಾಯುಭಾರ ಕುಸಿತ ಚೆನ್ನೈ ಬಳಿ ದಡ ದಾಟಿತು. 19ರಂದು ಇನ್ನೊಂದು ಪುದುಚೇರಿ–ಚೆನ್ನೈ ನಡುವೆ ದಾಟಿತು. ಎರಡೂ ಚಂಡಮಾರುತದ ಮಟ್ಟಕ್ಕೆ ಏರಲಿಲ್ಲ. ಆದರೆ ತಿಂಗಳಿಡೀ ಮೋಡ ಬಿಡಲಿಲ್ಲ. ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ ಕೆರೆಯ ನೀರು ನುಗ್ಗಿ ಜನರನ್ನು ದೋಣಿಯಲ್ಲಿ ಹೊರತಂದ ಚಿತ್ರಗಳು ಬಹಳ ಮಂದಿಗೆ ನೆನಪಿವೆ. ಅದೇ ದಿನಗಳಲ್ಲಿ ದಕ್ಷಿಣ ಒಳನಾಡಿನಲ್ಲಿ ರಾಗಿ ಹೊಲದಲ್ಲೇ ಮೊಳೆಯಿತು, ಕೋಲಾರದ ಟೊಮೆಟೊ ಕೊಳೆತು ನಗರಗಳಲ್ಲಿ ಕಿಲೋಗೆ ನೂರು ರೂಪಾಯಿ ಮುಟ್ಟಿತು. ಹೆಸರಿಲ್ಲದ ವಾಯುಭಾರ ಕುಸಿತ ಎಂದ ಕೂಡಲೇ ಕಿವಿ ಮುಚ್ಚಿಕೊಳ್ಳುವುದು ಅಪಾಯ. ಗಂಟೆಗೆ 31ರಿಂದ 50 ಕಿ.ಮೀ. ಗಾಳಿಯಿದ್ದರೆ ವಾಯುಭಾರ ಕುಸಿತ, 62ರವರೆಗೆ ತೀವ್ರ ಕುಸಿತ, ಅದಕ್ಕೂ ಮೇಲಾದರೆ ಮಾತ್ರ ಚಂಡಮಾರುತ ಮತ್ತು ಹೆಸರು. ಈ ಮೆಟ್ಟಿಲುಗಳು ಗಾಳಿಯವು, ಮಳೆಯವಲ್ಲ.

ಸಮುದ್ರದ ಮೇಲಿರುವವರಿಗೆ ಮಾತ್ರ ಗಾಳಿಯೇ ಮುಖ್ಯ, ಸಮಯ ಇನ್ನೂ ಮುಖ್ಯ. 2017ರ ನವೆಂಬರ್ ಕೊನೆಯಲ್ಲಿ ಓಖಿ ಕನ್ಯಾಕುಮಾರಿಯ ಹತ್ತಿರ ಒಂದೇ ದಿನದಲ್ಲಿ ಕುಸಿತದಿಂದ ಚಂಡಮಾರುತಕ್ಕೆ ಏರಿತು. ಎಚ್ಚರಿಕೆ ಬರುವ ಹೊತ್ತಿಗೆ ಕೇರಳ, ತಮಿಳುನಾಡಿನ ಮೀನುಗಾರರು ಆಗಲೇ ಆಳಸಮುದ್ರದಲ್ಲಿದ್ದರು. ನೂರಾರು ಜನ ಮರಳಿ ಬರಲಿಲ್ಲ. ಲಕ್ಷದ್ವೀಪ ದಾಟಿ ಹೋದ ಅದರ ಅಲೆಗಳು ಉಳ್ಳಾಲದ ದಡವನ್ನೂ ಬಡಿದವು. ಮಲ್ಪೆ, ಮಂಗಳೂರಿನಿಂದ ಆಳಸಮುದ್ರಕ್ಕೆ ಹೊರಟ ಬೋಟು ವಾರಗಟ್ಟಲೆ ಹೊರಗಿರುತ್ತದೆ. ಅವರಿಗೆ ಬೇಕಾದದ್ದು ಹೊರಡುವ ದಿನದ ಹವಾಮಾನ ಅಲ್ಲ, ಮುಂದಿನ ಇಡೀ ವಾರದ್ದು.

ವಾರದ ಮುನ್ಸೂಚನೆಯನ್ನು ಓದುವುದು ಕಷ್ಟವಲ್ಲ, ಅದರ ಪರಿಭಾಷೆ ಗೊತ್ತಿದ್ದರೆ. ರಾಜ್ಯವನ್ನು ಹವಾಮಾನ ಇಲಾಖೆ ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರು ಉಪವಿಭಾಗ ಮಾಡಿದೆ. ಒಂದು ಉಪವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗದವರೆಗೆ ಮಳೆ ನಿರೀಕ್ಷೆಯಿದ್ದರೆ ‘ಒಂದೆರಡು ಕಡೆ’, ಅರ್ಧದವರೆಗೆ ‘ಕೆಲವು ಕಡೆ’, ಮುಕ್ಕಾಲರವರೆಗೆ ‘ಹಲವು ಕಡೆ’, ಅದಕ್ಕೂ ಮೇಲಾದರೆ ‘ಬಹುತೇಕ ಕಡೆ’. ‘ದಕ್ಷಿಣ ಒಳನಾಡಿನ ಒಂದೆರಡು ಕಡೆ’ ಎಂದರೆ ನಮ್ಮೂರಿಗೆ ಬಾರದಿರುವ ಸಾಧ್ಯತೆಯೇ ಹೆಚ್ಚು. ‘ಹಲವು ಕಡೆ’ ಎಂದು ಎರಡು ದಿನ ಸತತವಾಗಿ ಬಂದರೆ ಕೊಯ್ಲು ನಿಲ್ಲಿಸಬೇಕಾದ ಸೂಚನೆ ಅದು. ಮೊದಲ ಎರಡು ಮೂರು ದಿನಗಳ ಮಾತನ್ನು ಗಟ್ಟಿಯಾಗಿ ಹಿಡಿಯಬಹುದು. ಐದನೇ ದಿನದ ಆಚೆಗೆ ಹೇಳುವುದು ದಿಕ್ಕನ್ನು ಮಾತ್ರ, ದಿನಕ್ಕೊಮ್ಮೆ ಅದನ್ನು ಹೊಸದಾಗಿ ನೋಡಬೇಕು. ಫೆಂಗಲ್‌ನ ಗಡುವು ಕೊನೆಯ ದಿನವೂ ಹಿಂದೆ ಮುಂದೆ ಆಯಿತಲ್ಲ.

ರೈತರಿಗೆಂದೇ ಬರುವ ಮುನ್ಸೂಚನೆಯೂ ಇದೆ. ಪ್ರತಿ ಮಂಗಳವಾರ, ಶುಕ್ರವಾರ ಜಿಲ್ಲಾವಾರು ಕೃಷಿ ಹವಾಮಾನ ವರದಿ ಹೊರಡುತ್ತದೆ. ಮುಂದಿನ ಐದು ದಿನಗಳ ಮಳೆ, ತಾಪಮಾನ, ತೇವಾಂಶದ ಜೊತೆಗೆ ಯಾವ ಬೆಳೆಗೆ ಏನು ಮಾಡಬೇಕೆಂಬ ಸಲಹೆ ಅದರಲ್ಲಿರುತ್ತದೆ. ಮೇಘದೂತ್ ಆ್ಯಪ್‌ನಲ್ಲೂ ಅದು ಸಿಗುತ್ತದೆ. ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರ ನೋಡಿಕೊಳ್ಳುವ ಸಣ್ಣ ಘಟಕವಾಗಿ ಶುರುವಾದದ್ದು. ಇಂದು ಅದರ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಹರಡಿವೆ, ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಅದರ ‘ವರುಣಮಿತ್ರ’ ಸಹಾಯವಾಣಿಗೆ ಫೋನ್ ಮಾಡಿ ಹೋಬಳಿಯ ಹೆಸರು ಹೇಳಿದರೆ ಅಲ್ಲಿಯ ಮುನ್ಸೂಚನೆ ಕನ್ನಡದಲ್ಲೇ ಸಿಗುತ್ತದೆ. ಇಷ್ಟು ಸವಲತ್ತು ಇರುವ ರಾಜ್ಯದಲ್ಲಿ ನವೆಂಬರ್–ಡಿಸೆಂಬರಿಗೆ ಬೇರೆಯದೇ ಎಚ್ಚರಿಕೆಯ ಗೆರೆ ಇರಬಾರದೇಕೆ? ರಾಗಿ ಕೊಯ್ಲಿನ ತಾಲ್ಲೂಕುಗಳಿಗೆ ಐದು ಮಿ.ಮೀ. ಮಳೆಯೇ ಯೆಲ್ಲೋ ಆಗಲಿ, ಕಾಫಿ ಕಣಗಳ ಹೋಬಳಿಗೆ ಸತತ ಎರಡು ಮೋಡದ ದಿನವೇ ಆರೆಂಜ್ ಆಗಲಿ. ಅಳೆಯುವ ಯಂತ್ರ ಪಂಚಾಯಿತಿಯಲ್ಲಿ ಈಗಾಗಲೇ ನಿಂತಿದೆ. ಬದಲಾಗಬೇಕಾದದ್ದು ಗೆರೆ.

ಅಲ್ಲಿಯವರೆಗೆ, ನೆನೆದ ಮೇಲೂ ಮಾಡಬೇಕಾದ ಒಂದು ಕೆಲಸ ಉಳಿದಿರುತ್ತದೆ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ಕೊಯ್ದು ಒಣಗಲು ಹೊಲದಲ್ಲೇ ಹರಡಿದ ಬೆಳೆ ಚಂಡಮಾರುತದ ಮಳೆಗೋ ಅಕಾಲದ ಮಳೆಗೋ ಹಾಳಾದರೆ, ಕೊಯ್ಲಿನಿಂದ 14 ದಿನಗಳವರೆಗೆ ಪರಿಹಾರಕ್ಕೆ ಅವಕಾಶವಿದೆ. ಬೆಳೆ ಅಧಿಸೂಚಿತ ಪಟ್ಟಿಯಲ್ಲಿರಬೇಕು, ವಿಮೆ ಕಟ್ಟಿರಬೇಕು, ನಷ್ಟವಾದ 72 ಗಂಟೆಯೊಳಗೆ ವಿಮಾ ಕಂಪನಿಗೋ ಬ್ಯಾಂಕಿಗೋ ಕೃಷಿ ಇಲಾಖೆಗೋ ತಿಳಿಸಿರಬೇಕು. ಮೂರು ದಿನ ಮಳೆ ಹಿಡಿದು ಕೂತ ವಾರದಲ್ಲಿ ಈ ಎಪ್ಪತ್ತೆರಡು ಗಂಟೆ ಮಳೆ ನಿಲ್ಲುವ ಮೊದಲೇ ಮುಗಿದುಹೋಗುತ್ತದೆ. ಆದ್ದರಿಂದ ಮೊದಲ ದಿನವೇ, ಮಳೆಯಲ್ಲೇ ಹೊಲಕ್ಕೆ ಹೋಗಿ ಅರಿಗಳ ಫೋಟೊ ತೆಗೆದು ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು.